ಗೋಡೆಯ ಮೇಲಿನ ಗೆರೆ: ಎತ್ತರಕ್ಕೂ ಆಯಸ್ಸಿಗೂ ಏನು ನಂಟು?

ಎಲ್ಲರಿಗೂ ನಮಸ್ಕಾರ.

ಈ ವಿಷಯದ ಮೇಲೆ ಮಾತನಾಡಲು ಒಪ್ಪಿಕೊಂಡ ದಿನದಿಂದ ನನ್ನನ್ನು ಕಂಡವರೆಲ್ಲ ಎರಡೇ ಪ್ರಶ್ನೆ ಕೇಳುತ್ತಿದ್ದಾರೆ. ಎತ್ತರದವರು ತುಸು ಅಳುಕಿನಿಂದ, "ಉದ್ದಗಿರುವವರು ಬೇಗ ಹೋಗುತ್ತಾರಂತೆ, ನಿಜವೇ?" ಎನ್ನುತ್ತಾರೆ. ಗಿಡ್ಡಗಿರುವವರು ಅದನ್ನೇ ಆಸೆಯಿಂದ ತಿರುಗಿಸಿ ಕೇಳುತ್ತಾರೆ. ಇವತ್ತು ಸಭೆ ಶುರುವಾಗುವ ಮುನ್ನವೂ ಆರು ಅಡಿ ಮೂರು ಅಂಗುಲದ ವಿದ್ಯಾರ್ಥಿಯೊಬ್ಬ ಬಂದು, ಮೊಬೈಲಿನಲ್ಲಿ ಓದಿದ ಸುದ್ದಿಯನ್ನು ತೋರಿಸಿ, "ಸರ್, ನನಗೆ ಇದರಲ್ಲಿ ಎಷ್ಟು ವರ್ಷ ಖೋತಾ?" ಎಂದ. ಮುಖದಲ್ಲಿ ನಗುವಿತ್ತು, ದನಿಯಲ್ಲಿ ಇರಲಿಲ್ಲ. "ಪೂರ್ತಿ ಕೇಳಪ್ಪಾ, ನಿನ್ನ ಪ್ರಶ್ನೆಗೆ ಲೆಕ್ಕ ಹಾಕಿಯೇ ಉತ್ತರ ಕೊಡುತ್ತೇನೆ" ಎಂದು ಕೂರಿಸಿದ್ದೇನೆ.

ಮೊದಲು ಇಬ್ಬರ ಬದುಕನ್ನು ನೋಡೋಣ. ಅಮೆರಿಕದ ಇಲಿನಾಯ್ ಪ್ರಾಂತ್ಯದ ಆಲ್ಟನ್ ಊರಿನಲ್ಲಿ 1918ರಲ್ಲಿ ಹುಟ್ಟಿದ ರಾಬರ್ಟ್ ವಾಡ್ಲೋ 272 ಸೆಂಟಿಮೀಟರ್ ಬೆಳೆದ. ದಾಖಲೆಗೆ ಸಿಕ್ಕಿರುವ ಮನುಷ್ಯರಲ್ಲಿ ಅವನಷ್ಟು ಎತ್ತರದವರು ಬೇರೆ ಇಲ್ಲ. ತೀರಿಕೊಂಡದ್ದು 1940ರ ಜುಲೈನಲ್ಲಿ, ಇಪ್ಪತ್ತೆರಡನೆಯ ವಯಸ್ಸಿಗೆ. ನೇಪಾಳದ ಚಂದ್ರ ಬಹಾದ್ದೂರ್ ಡಾಂಗಿ 54.6 ಸೆಂಟಿಮೀಟರ್ ಎತ್ತರವಿದ್ದರು. ಅವರು 2015ರಲ್ಲಿ ತೀರಿಕೊಂಡಾಗ ವಯಸ್ಸು ಎಪ್ಪತ್ತೈದು. ಇವೆರಡನ್ನು ಎದುರುಬದುರು ಇಟ್ಟರೆ ಉತ್ತರ ಸಿಕ್ಕಿಯೇಬಿಟ್ಟಿತು ಎನಿಸುತ್ತದೆ. ಆದರೆ ವಾಡ್ಲೋನನ್ನು ಕೊಂದದ್ದು ಅವನ ಎತ್ತರವೆಂದು ಹೇಳುವ ಮೊದಲು ನಡೆದದ್ದನ್ನು ಕೇಳಿ. ಅವನ ಪಿಟ್ಯುಟರಿ ಗ್ರಂಥಿ ಅತಿಯಾಗಿ ಬೆಳೆದು ಬೆಳವಣಿಗೆಯ ಹಾರ್ಮೋನನ್ನು ಎಡೆಬಿಡದೆ ಸುರಿಸುತ್ತಿತ್ತು. ಕಾಲುಗಳಲ್ಲಿ ಸ್ಪರ್ಶಜ್ಞಾನ ಕುಂದಿತ್ತು. ನಡೆಯಲು ಆಸರೆಯಾಗಿ ಕಟ್ಟಿಕೊಂಡಿದ್ದ ಲೋಹದ ಪಟ್ಟಿ ಕಣಕಾಲನ್ನು ಉಜ್ಜಿ ಬೊಬ್ಬೆಯಾಯಿತು, ಬೊಬ್ಬೆ ಕೀವಾಯಿತು, ಸೋಂಕು ಮೈಗೇರಿತು. ಪೆನಿಸಿಲಿನ್ ಆಗ ಇನ್ನೂ ರೋಗಿಗಳ ಬಳಿ ಬಂದಿರಲಿಲ್ಲ. ಒಂದು ಬೊಬ್ಬೆಯಿಂದ ಸತ್ತ ಹುಡುಗ ಅವನು. ಆ ಸಾವಿನ ಹಿಂದೆ ಇದ್ದದ್ದು ರೋಗ. ಆರೋಗ್ಯವಂತನಾಗಿಯೇ ಆರು ಅಡಿ ದಾಟಿದವನಿಗೆ ಈ ಕಥೆ ಅನ್ವಯಿಸುವುದಿಲ್ಲ.

ಹಾಗಾಗಿ ಅಪರೂಪದ ವ್ಯಕ್ತಿಗಳನ್ನು ಬದಿಗಿಟ್ಟು ದೊಡ್ಡ ಗುಂಪುಗಳ ಕಡೆ ಹೋಗಬೇಕು. ಮನುಷ್ಯರಿಗಿಂತ ಮೊದಲು ನಾಯಿಗಳಿಂದ ಆರಂಭಿಸುತ್ತೇನೆ. ಈ ವಿಷಯದಲ್ಲಿ ಅವುಗಳಷ್ಟು ನೇರವಾಗಿ ಮಾತನಾಡುವ ಪ್ರಾಣಿ ಇನ್ನೊಂದಿಲ್ಲ.

ಪ್ರಾಣಿಲೋಕವನ್ನು ಒಟ್ಟಾಗಿ ನೋಡಿದರೆ ದೊಡ್ಡ ದೇಹಕ್ಕೆ ದೊಡ್ಡ ಆಯಸ್ಸು. ಇಲಿ ಎರಡು ಮೂರು ವರ್ಷ ಬದುಕಿದರೆ ಆನೆ ಅರವತ್ತು ಎಪ್ಪತ್ತು ವರ್ಷ ಬದುಕುತ್ತದೆ. ಆರ್ಕ್ಟಿಕ್ ಸಮುದ್ರದ ಬೋಹೆಡ್ ತಿಮಿಂಗಿಲ ಇನ್ನೂರು ವರ್ಷ ದಾಟುತ್ತದೆ. ಆದರೆ ಒಂದೇ ಜಾತಿಯ ಒಳಗೆ ಹೋದ ಕೂಡಲೇ ಚಿತ್ರ ತಲೆಕೆಳಗಾಗುತ್ತದೆ. ಗ್ರೇಟ್ ಡೇನ್‌ನಂಥ ಆಳೆತ್ತರದ ನಾಯಿ ಎಂಟು ಹತ್ತು ವರ್ಷಕ್ಕೆ ಮುದಿಯಾಗಿ ಸಾಯುತ್ತದೆ. ಅಂಗೈಯಲ್ಲಿ ಕೂರುವ ಚಿವಾವಾ ಹದಿನೈದು ವರ್ಷ ಲೀಲಾಜಾಲವಾಗಿ ಬದುಕುತ್ತದೆ. ಎಪ್ಪತ್ತಕ್ಕೂ ಹೆಚ್ಚು ತಳಿಗಳ ಸಾವಿನ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕದಲ್ಲಿ, ದೇಹತೂಕ ಸುಮಾರು ಎರಡು ಕಿಲೋ ಹೆಚ್ಚಿದರೆ ನಾಯಿಯ ಆಯಸ್ಸಿನಲ್ಲಿ ಒಂದು ತಿಂಗಳು ಕಳೆಯುತ್ತದೆ. ದೊಡ್ಡ ನಾಯಿಗಳಲ್ಲಿ ಮುಪ್ಪು ತೀರ ಮೊದಲೇ ಶುರುವಾಗುವುದಿಲ್ಲ, ಶುರುವಾದ ಮೇಲೆ ವೇಗವಾಗಿ ಓಡುತ್ತದೆ ಎಂಬುದು ಆ ಸಂಶೋಧಕರು ಕಂಡ ಮಾತು. ನಾಯಿ ಸಾಕಿದವರಿಗೆ ಇದನ್ನು ಅಧ್ಯಯನ ಹೇಳಬೇಕಾಗಿಲ್ಲ. ದೊಡ್ಡ ನಾಯಿಯನ್ನು ಪ್ರೀತಿಸಿದವರು ಬೇಗ ಅಳುತ್ತಾರೆ.

ನಾಯಿಯ ಗಾತ್ರವನ್ನು ನಿರ್ಧರಿಸುವ ಮುಖ್ಯ ವಂಶವಾಹಿಯನ್ನು 2007ರಲ್ಲಿ ಗುರುತಿಸಿದರು. ಅದರ ಹೆಸರು ಐಜಿಎಫ್-1. ಇವತ್ತಿನ ಮಾತಿನಲ್ಲಿ ಈ ಹೆಸರು ಮತ್ತೆ ಮತ್ತೆ ಬರುತ್ತದೆ, ಆದ್ದರಿಂದ ಒಂದು ನಿಮಿಷ ನಿಂತು ನೋಡೋಣ. ಮೆದುಳಿನ ಅಡಿಯಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಯಕೃತ್ತನ್ನು ತಲುಪಿ, ಅಲ್ಲಿ ಐಜಿಎಫ್-1 ಎಂಬ ಎರಡನೆಯ ದೂತನನ್ನು ಹೊರಡಿಸುತ್ತದೆ. ಈ ದೂತ ಎಲುಬಿನ ತುದಿಯ ಮೆತ್ತನೆಯ ಭಾಗಕ್ಕೆ ಹೋಗಿ "ಬೆಳೆ" ಎನ್ನುತ್ತಾನೆ. ಎಲುಬಿಗೆ ಮಾತ್ರವಲ್ಲ, ಮೈಯ ಬಹುಪಾಲು ಜೀವಕೋಶಗಳಿಗೂ ಅದೇ ಆಜ್ಞೆ: ವಿಭಜನೆಯಾಗು, ಹೆಚ್ಚಾಗು, ಸಾಯಬೇಡ. ಬೆಳೆಯುವ ಮಗುವಿಗೆ ಇದು ಅಮೃತ. ಆದರೆ ಬೆಳವಣಿಗೆ ಮುಗಿದ ಮೇಲೂ ಆ ಆಜ್ಞೆ ಜೋರಾಗಿಯೇ ಕೇಳಿಸುತ್ತಿದ್ದರೆ ಜೀವಕೋಶ ತನ್ನ ರಿಪೇರಿಗೆ ಕೊಡುವ ಗಮನ ಕಡಿಮೆಯಾಗುತ್ತದೆ. ಕೆಟ್ಟುಹೋದ ಕೋಶ ಸಾಯುವ ಬದಲು ಮರಿಹಾಕುತ್ತದೆ.

ಈ ಆಜ್ಞೆಯನ್ನು ತಗ್ಗಿಸಿದರೆ ಏನಾಗುತ್ತದೆ? 1993ರಲ್ಲಿ ಅಮೆರಿಕದ ವಿಜ್ಞಾನಿ ಸಿಂಥಿಯಾ ಕೆನ್ಯನ್ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ, ಇದೇ ಕುಟುಂಬಕ್ಕೆ ಸೇರಿದ ಗ್ರಾಹಕವನ್ನು, ಅಂದರೆ ಹಾರ್ಮೋನಿನ ಆಜ್ಞೆಯನ್ನು ಹಿಡಿದುಕೊಳ್ಳುವ ಕೋಶದ ಭಾಗವನ್ನು, ಕೆಡಿಸಿದಾಗ ಅದರ ಆಯಸ್ಸು ಇಮ್ಮಡಿಯಾಯಿತು. ಹುಳುವಿನದು ಬಿಡಿ, ಇಲಿಗೆ ಬನ್ನಿ. ಬೆಳವಣಿಗೆಯ ಹಾರ್ಮೋನು ಹುಟ್ಟದ 'ಏಮ್ಸ್' ಎಂಬ ತಳಿಯ ಕುಬ್ಜ ಇಲಿಗಳು ತಮ್ಮ ಒಡಹುಟ್ಟಿದವುಗಳ ಮೂರನೆಯ ಒಂದು ಪಾಲಿನಷ್ಟೇ ತೂಗುತ್ತವೆ, ಆದರೆ ಅವುಗಳಿಗಿಂತ ಅರ್ಧಪಟ್ಟು ಹೆಚ್ಚು ಕಾಲ ಬದುಕುತ್ತವೆ. ಇದನ್ನು 1996ರಲ್ಲಿ ಹಾಲಿ ಬ್ರೌನ್-ಬೋರ್ಗ್, ಆಂಡ್ರೆ ಬಾರ್ಟ್ಕೆ ಮತ್ತು ಸಂಗಡಿಗರು ಪ್ರಕಟಿಸಿದರು. ಆಮೇಲೆ ಬಾರ್ಟ್ಕೆಯವರ ಪ್ರಯೋಗಾಲಯದಲ್ಲಿ ಬೆಳವಣಿಗೆಯ ಹಾರ್ಮೋನಿನ ಗ್ರಾಹಕವೇ ಇಲ್ಲದ ಒಂದು ಇಲಿ ತನ್ನ ಐದನೆಯ ಹುಟ್ಟುಹಬ್ಬಕ್ಕೆ ಒಂದು ವಾರವಷ್ಟೇ ಬಾಕಿ ಇರುವಾಗ ಸತ್ತಿತು. ಮನುಷ್ಯರ ಲೆಕ್ಕದಲ್ಲಿ ಅದು ನೂರೈವತ್ತರ ಆಸುಪಾಸು ಬದುಕಿದ ಹಾಗೆ. ಆ ಮುದಿ ಇಲಿಗಳು ಕಣ್ಣು ಮಂಜಾಗಿ ಮೂಲೆಯಲ್ಲಿ ಮುದುಡಿಕೊಂಡು ಕಾಲ ಕಳೆದವೆಂದು ಭಾವಿಸಬೇಡಿ. ವಯಸ್ಸಾದರೂ ಅವು ಚಟುವಟಿಕೆಯಿಂದಿರುತ್ತವೆ, ಅವುಗಳಿಗೆ ಕ್ಯಾನ್ಸರ್ ತಡವಾಗಿ ಬರುತ್ತದೆ, ಸಕ್ಕರೆ ಹತೋಟಿಯಲ್ಲಿರುತ್ತದೆ.

ಹಾಗಾದರೆ ಇದೇ ಗ್ರಾಹಕ ಕೆಟ್ಟಿರುವ ಮನುಷ್ಯರು ಇದ್ದಾರೆಯೇ? ಇದ್ದಾರೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಇದಕ್ಕಿಂತ ಮನಸ್ಸನ್ನು ಹಿಡಿಯುವ ಅಧ್ಯಾಯ ಇಲ್ಲ. ಇಸ್ರೇಲಿನ ವೈದ್ಯ ಜ್ವಿ ಲಾರಾನ್ ಮತ್ತು ಸಂಗಡಿಗರು 1966ರಲ್ಲಿ ಒಂದು ಅಪರೂಪದ ಕುಬ್ಜತೆಯನ್ನು ವಿವರಿಸಿದರು. ಈ ಮಕ್ಕಳ ರಕ್ತದಲ್ಲಿ ಬೆಳವಣಿಗೆಯ ಹಾರ್ಮೋನು ಬೇಕಾದಷ್ಟಿದೆ, ಆದರೆ ಅದನ್ನು ಹಿಡಿದುಕೊಳ್ಳುವ ಗ್ರಾಹಕ ಕೆಲಸ ಮಾಡುವುದಿಲ್ಲ. ಅಂಚೆ ಬರುತ್ತದೆ, ಬಾಗಿಲು ತೆರೆಯುವವರಿಲ್ಲ. ಜಗತ್ತಿನಲ್ಲಿ ಲಾರಾನ್ ಸಿಂಡ್ರೋಮ್ ಇರುವವರ ಅತಿ ದೊಡ್ಡ ಗುಂಪು ಇರುವುದು ಈಕ್ವೆಡಾರ್ ದೇಶದ ದಕ್ಷಿಣದ ಬೆಟ್ಟಗಾಡಿನಲ್ಲಿ. ಅವರಲ್ಲಿ ಹೆಚ್ಚಿನವರು ನಾಲ್ಕು ಅಡಿ ಮುಟ್ಟುವುದಿಲ್ಲ. ಅಲ್ಲಿನ ವೈದ್ಯ ಹೈಮೆ ಗುವೆವಾರಾ-ಅಗಿರ್ರೆ ಈ ಕುಟುಂಬಗಳ ಒಡನಾಟದಲ್ಲಿ ಇಪ್ಪತ್ತೆರಡು ವರ್ಷ ಕಳೆದು, ಸುಮಾರು ನೂರು ಮಂದಿಯನ್ನು, ಜೊತೆಗೆ ಸಾಮಾನ್ಯ ಎತ್ತರದ ಅವರ ಬಂಧುಗಳನ್ನು ಗಮನಿಸುತ್ತ ಬಂದರು. ಸಂಶೋಧಕ ವಾಲ್ಟರ್ ಲಾಂಗೋ ಜೊತೆಗೂಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿದಾಗ ವೈದ್ಯಲೋಕ ಬೆರಗಾಯಿತು. ಈ ಜನರಲ್ಲಿ ಅನೇಕರು ಸ್ಥೂಲಕಾಯದವರು, ಆದರೂ ಒಬ್ಬರಿಗೂ ಮಧುಮೇಹ ಇರಲಿಲ್ಲ. ಅದೇ ಮನೆಗಳ ಎತ್ತರದ ಬಂಧುಗಳಲ್ಲಿ ನೂರಕ್ಕೆ ಸುಮಾರು ಐವರಿಗೆ ಇತ್ತು. ಕ್ಯಾನ್ಸರ್ ಕಂಡದ್ದು ಒಂದೇ ಒಂದು ಪ್ರಕರಣದಲ್ಲಿ, ಅದೂ ಜೀವ ತೆಗೆಯದ್ದು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಆ ಜನ ತಮ್ಮ ಬಂಧುಗಳಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಕ್ಯಾನ್ಸರ್ ಬಿಟ್ಟುಹೋದ ಜಾಗವನ್ನು ಅಪಘಾತಗಳು, ಮದ್ಯ, ಫಿಟ್ಸ್‌ನಂಥ ಬೇರೆ ಸಾವುಗಳು ತುಂಬಿದವು. ದೊಡ್ಡವರಿಗಾಗಿ ಕಟ್ಟಿದ ಜಗತ್ತಿನಲ್ಲಿ ಮೂರೂವರೆ ಅಡಿಯವರಾಗಿ ಬಾಳುವುದೆಂದರೆ ಏನೆಂದು ಯೋಚಿಸಿ: ಮೆಟ್ಟಿಲು, ಬಸ್ಸು, ಕೆಲಸ, ಮದುವೆ, ಜನರ ನೋಟ. ಅವರ ಜೀವಕೋಶಗಳು ದೀರ್ಘಾಯುಸ್ಸಿಗೆ ಸಿದ್ಧವಾಗಿದ್ದವು. ಅವರ ಬದುಕು ಅದಕ್ಕೆ ಎಡೆ ಕೊಡಲಿಲ್ಲ. ಪಂಜರದಲ್ಲಿ ಹೊತ್ತು ಹೊತ್ತಿಗೆ ಆಹಾರ ಸಿಗುವ ಇಲಿಯ ಆಯಸ್ಸನ್ನು ಮನುಷ್ಯನಿಗೆ ಹಚ್ಚಲು ಹೊರಟಾಗಲೆಲ್ಲ ನನಗೆ ಈ ಜನ ನೆನಪಾಗುತ್ತಾರೆ.

ಸಾಮಾನ್ಯ ಎತ್ತರದ ಮಿತಿಯೊಳಗೇ ಗಿಡ್ಡಗಿದ್ದವರ ಬಗ್ಗೆಯೂ ಪುರಾವೆ ಇದೆ. ಇಟಲಿಯ ಸಾರ್ಡೀನಿಯಾ ದ್ವೀಪದ ವಿಲ್ಲಾಗ್ರಾಂಡೆ ಎಂಬ ಗುಡ್ಡಗಾಡಿನ ಊರು ಶತಾಯುಷಿ ಗಂಡಸರಿಗೆ ಹೆಸರಾದದ್ದು. ಅಲ್ಲಿ ಇಪ್ಪತ್ತನೆಯ ವಯಸ್ಸಿಗೆ ಸೇನೆಗೆ ಹೆಸರು ಬರೆಸುವಾಗ ಅಳೆದ ಎತ್ತರದ ದಾಖಲೆಗಳು ಉಳಿದಿದ್ದವು. ಆ ದಾಖಲೆಯಲ್ಲಿ 161 ಸೆಂಟಿಮೀಟರಿಗಿಂತ ಕಡಿಮೆ ಇದ್ದವರು, ಎಪ್ಪತ್ತು ದಾಟಿದ ಮೇಲೆ, ಎತ್ತರದವರಿಗಿಂತ ಸುಮಾರು ಎರಡು ವರ್ಷ ಹೆಚ್ಚು ಬದುಕಿದ್ದರು. ಹವಾಯಿಯಲ್ಲಿ ಜಪಾನೀ ಮೂಲದ ಎಂಟು ಸಾವಿರ ಗಂಡಸರನ್ನು 1965ರಿಂದ ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲೂ ಐದು ಅಡಿ ಎರಡು ಅಂಗುಲ ಮತ್ತು ಅದಕ್ಕಿಂತ ಕೆಳಗಿನವರೇ ಹೆಚ್ಚು ಕಾಲ ಬಾಳಿದರು. ಅವರಲ್ಲಿ ಫಾಕ್ಸೋ-3 ಎಂಬ ವಂಶವಾಹಿಯ ದೀರ್ಘಾಯುಸ್ಸಿನ ರೂಪ ಹೆಚ್ಚಾಗಿ ಕಂಡಿತು. ಕೆನ್ಯನ್ ಅವರ ಹುಳುವಿನ ಆಯಸ್ಸನ್ನು ಹಿಗ್ಗಿಸಿದ್ದೂ ಇದರ ನೆಂಟನೇ. ಹುಳುವಿನಿಂದ ಹವಾಯಿಯವರೆಗೆ ಒಂದೇ ನೂಲು ಹರಿದುಬಂದಿರುವುದನ್ನು ಮೊದಲ ಬಾರಿ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಇಲ್ಲೊಂದು ಎಚ್ಚರಿಕೆ. "ನೂರು ದಾಟಿದವರನ್ನು ನೋಡಿ, ಎಲ್ಲರೂ ಗಿಡ್ಡ" ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದು ಪುರಾವೆಯೇ ಅಲ್ಲ. ನೂರು ವರ್ಷದ ಹಿಂದೆ ಹುಟ್ಟಿದವರು ಯೌವನದಲ್ಲೇ ಇಂದಿನವರಿಗಿಂತ ಕಡಿಮೆ ಎತ್ತರವಿದ್ದರು. ಸಾಲದ್ದಕ್ಕೆ ವಯಸ್ಸು ಎಲ್ಲರನ್ನೂ ಕುಗ್ಗಿಸುತ್ತದೆ. ಬಾಲ್ಟಿಮೋರಿನಲ್ಲಿ ಒಂದೇ ಗುಂಪಿನ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಅಳೆದು ನೋಡಿದಾಗ, ಮೂವತ್ತರಿಂದ ಎಪ್ಪತ್ತರ ನಡುವೆ ಗಂಡಸರು ಸುಮಾರು 3 ಸೆಂಟಿಮೀಟರ್, ಹೆಂಗಸರು ಸುಮಾರು 5 ಸೆಂಟಿಮೀಟರ್ ಕಳೆದುಕೊಂಡಿದ್ದರು. ಎಂಬತ್ತರ ಹೊತ್ತಿಗೆ ಅದು 5 ಮತ್ತು 8 ಆಗಿತ್ತು. ಸಾರ್ಡೀನಿಯಾದ ಅಧ್ಯಯನಕ್ಕೆ ತೂಕ ಬಂದದ್ದೇ ಅಲ್ಲಿ ಇಪ್ಪತ್ತರ ಎತ್ತರ ಸಿಕ್ಕಿದ್ದರಿಂದ.

ಈಗ ನಾಣ್ಯದ ಇನ್ನೊಂದು ಮುಖ. ನಾರ್ವೆಯ ಹನ್ಸ್ ವಾಲರ್ 1984ರಲ್ಲಿ, ಕ್ಷಯರೋಗ ತಪಾಸಣೆಗಾಗಿ ಅಳೆದಿದ್ದ ಸುಮಾರು ಹದಿನೆಂಟು ಲಕ್ಷ ಜನರ ಎತ್ತರ, ತೂಕ ಮತ್ತು ಸಾವುಗಳನ್ನು ಜೋಡಿಸಿ ನೋಡಿದರು. ಅಲ್ಲಿ ಕಂಡದ್ದು ನಾಯಿ ಇಲಿಗಳ ಕಥೆಗೆ ತದ್ವಿರುದ್ಧ: ಗಿಡ್ಡಗಿದ್ದವರೇ ಹೆಚ್ಚು ಸಾಯುತ್ತಿದ್ದರು. 2012ರಲ್ಲಿ 121 ಅಧ್ಯಯನಗಳನ್ನು ಒಟ್ಟುಗೂಡಿಸಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಹಾಕಿದಾಗಲೂ ತಕ್ಕಡಿ ಆ ಕಡೆಗೇ ವಾಲಿತು, ಆದರೆ ಎಷ್ಟು ಸಣ್ಣಗೆ ವಾಲಿತು ನೋಡಿ. ಎತ್ತರ 6.5 ಸೆಂಟಿಮೀಟರ್ ಹೆಚ್ಚಿದ್ದವರಲ್ಲಿ ಒಟ್ಟಾರೆ ಸಾವಿನ ಅಪಾಯ ಶೇಕಡ 3 ಕಡಿಮೆ. ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸಾವು ಶೇಕಡ 6 ಕಡಿಮೆ. ಕ್ಯಾನ್ಸರಿನಿಂದ ಸಾವು ಶೇಕಡ 4 ಹೆಚ್ಚು.

ಈ ಮೂರು ಅಂಕಿಗಳನ್ನು ನೀವು ಮನೆಗೆ ಕೊಂಡೊಯ್ದರೆ ನನ್ನ ಇವತ್ತಿನ ಶ್ರಮ ಸಾರ್ಥಕ. "ಎತ್ತರದವರು ಹೆಚ್ಚು ಬದುಕುತ್ತಾರೋ ಕಡಿಮೆಯೋ" ಎಂಬ ಒಂದೇ ಪ್ರಶ್ನೆ ಇಲ್ಲವೆಂಬುದನ್ನು ಅವು ತೋರಿಸುತ್ತವೆ. ಎತ್ತರ ಒಂದು ಬಾಗಿಲನ್ನು ಮುಚ್ಚುತ್ತದೆ, ಇನ್ನೊಂದನ್ನು ತುಸು ತೆರೆಯುತ್ತದೆ. ಒಂದು ಸಮಾಜದಲ್ಲಿ ಜನ ಹೆಚ್ಚಾಗಿ ಯಾವ ಬಾಗಿಲಿನಿಂದ ಹೋಗುತ್ತಾರೆ ಎಂಬುದರ ಮೇಲೆ ಒಟ್ಟು ಲೆಕ್ಕ ನಿಲ್ಲುತ್ತದೆ. ಹೃದ್ರೋಗವೇ ಮುಖ್ಯ ಸಾವಾಗಿರುವಲ್ಲಿ ಎತ್ತರದವರಿಗೆ ಅನುಕೂಲ. ಹೃದ್ರೋಗ ಕಡಿಮೆ ಇರುವ ಸಾರ್ಡೀನಿಯಾದ ಗುಡ್ಡದಂಥ ಕಡೆ ಗಿಡ್ಡಗಿರುವವರ ಲಾಭ ಮೇಲೆ ತೇಲಿ ಬರಬಹುದು. ಇದು ನನ್ನ ಓದು. ಎದುರುಬದುರಾಗಿ ಕಾಣುವ ಅಧ್ಯಯನಗಳನ್ನು ಹೊಂದಿಸಲು ನನಗೆ ಇದಕ್ಕಿಂತ ಸರಳವಾದ ದಾರಿ ಕಾಣುತ್ತಿಲ್ಲ.

ಹೃದಯದ ವಿಷಯದಲ್ಲಿ ಗಿಡ್ಡಗಿರುವವರಿಗೆ ಏಕೆ ಹೆಚ್ಚು ಅಪಾಯ? ಬಡತನದಲ್ಲಿ ಬೆಳೆದವರು ಗಿಡ್ಡಗಿರುತ್ತಾರೆ, ಬಡತನವೇ ಹೃದಯವನ್ನೂ ಕೆಡಿಸುತ್ತದೆ ಎಂದು ಬಹುಕಾಲ ನಂಬಿದ್ದೆವು. ಅದರಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ. 2015ರಲ್ಲಿ ಎತ್ತರಕ್ಕೆ ಸಂಬಂಧಿಸಿದ 180 ವಂಶವಾಹಿ ರೂಪಗಳನ್ನಷ್ಟೇ ಹಿಡಿದು ನೋಡಿದರು. ಹುಟ್ಟುವಾಗ ಸಿಗುವ ವಂಶವಾಹಿಗೆ ಮನೆಯ ಬಡತನ ಸಿರಿತನ ಗೊತ್ತಿಲ್ಲ. ಆದರೂ ವಂಶವಾಹಿಯ ಲೆಕ್ಕದಲ್ಲಿ ಎತ್ತರ 6.5 ಸೆಂಟಿಮೀಟರ್ ಕಡಿಮೆಯಾದಾಗ ಹೃದಯದ ಅಪಧಮನಿಗಳ ರೋಗದ ಅಪಾಯ ಶೇಕಡ 13.5 ಹೆಚ್ಚಿತ್ತು. ರಕ್ತದ ಕೊಬ್ಬಿನ ಏರುಪೇರು ಇದರಲ್ಲಿ ಒಂದು ಪಾಲನ್ನು ವಿವರಿಸುತ್ತದೆ. ದೊಡ್ಡ ದೇಹಕ್ಕೆ ಅಗಲವಾದ ಅಪಧಮನಿ, ಅಗಲವಾದ ಅಪಧಮನಿ ಮುಚ್ಚಿಕೊಳ್ಳಲು ಹೆಚ್ಚು ಕಾಲ ಬೇಕು ಎಂಬ ವಾದವೂ ಇದೆ. ಆದರೆ ಹೃದಯದ ಎಲ್ಲ ರೋಗಗಳೂ ಎತ್ತರದವರನ್ನು ಬಿಟ್ಟುಬಿಡುವುದಿಲ್ಲ. ಹೃದಯದ ಮೇಲ್ಕೋಣೆಗಳು ತಾಳ ತಪ್ಪಿ ಕಂಪಿಸುವ ತೊಂದರೆ ಅವರಿಗೇ ಹೆಚ್ಚು. ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದೂ ಅವರಿಗೇ ಹೆಚ್ಚು. ಮುಪ್ಪಿನಲ್ಲಿ ಬಿದ್ದಾಗ ಸೊಂಟದ ಮೂಳೆ ಮುರಿಯುವುದೂ ಹಾಗೆಯೇ, ಏಕೆಂದರೆ ಅವರು ಬೀಳುವುದು ಹೆಚ್ಚು ಎತ್ತರದಿಂದ.

ಕ್ಯಾನ್ಸರಿನ ಕಾರಣ ಕೇಳಿದರೆ ಇಷ್ಟು ಸರಳವೇ ಎನಿಸುತ್ತದೆ. ಮನುಷ್ಯನ ಮೈಯಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ಎತ್ತರದವರಲ್ಲಿ ಇನ್ನೂ ಹೆಚ್ಚು. ಕೋಶ ಹೆಚ್ಚಿದ್ದಷ್ಟೂ ಅವುಗಳಲ್ಲಿ ಒಂದು ದಾರಿ ತಪ್ಪುವ ಸಂಭವ ಹೆಚ್ಚು. ಬ್ರಿಟನ್ನಿನ ಹದಿಮೂರು ಲಕ್ಷ ಹೆಂಗಸರ ಅಧ್ಯಯನದಲ್ಲಿ, 2011ರ ವರದಿಯಂತೆ, ಎತ್ತರ 10 ಸೆಂಟಿಮೀಟರ್ ಹೆಚ್ಚಿದಂತೆ ಕ್ಯಾನ್ಸರ್ ಬರುವ ಸಂಭವ ಶೇಕಡ 16 ಏರುತ್ತಿತ್ತು. ಲೆನರ್ಡ್ ನನ್ನಿ ಎಂಬ ವಿಜ್ಞಾನಿ 2018ರಲ್ಲಿ ಕೋಶಗಳ ಸಂಖ್ಯೆಯೊಂದನ್ನೇ ಇಟ್ಟುಕೊಂಡು ಲೆಕ್ಕ ಹಾಕಿದಾಗ ಬಂದ ಉತ್ತರ, ಜನರಲ್ಲಿ ಕಂಡ ಏರಿಕೆಗೆ ಬಹುಮಟ್ಟಿಗೆ ಹೊಂದಿಕೊಂಡಿತು.

ಹಾಗಾದರೆ ನಮ್ಮ ನೂರಾರು ಪಟ್ಟು ಕೋಶಗಳನ್ನು ಹೊತ್ತ ಆನೆ, ತಿಮಿಂಗಿಲಗಳು ಕ್ಯಾನ್ಸರಿನಿಂದ ಎಂದೋ ಅಳಿದುಹೋಗಬೇಕಿತ್ತಲ್ಲವೇ? 1970ರ ದಶಕದಲ್ಲಿ ರಿಚರ್ಡ್ ಪೀಟೋ ಎತ್ತಿದ ಈ ಒಗಟಿಗೆ ಅವರ ಹೆಸರೇ ನಿಂತಿದೆ. ಆನೆಯ ಮಟ್ಟಿಗೆ 2015ರಲ್ಲಿ ಒಂದು ಸೊಗಸಾದ ಸುಳಿವು ಸಿಕ್ಕಿತು. ಕೆಟ್ಟ ಕೋಶವನ್ನು ತಡೆಯುವ ಅಥವಾ ಕೊಲ್ಲುವ ಕಾವಲುಗಾರ ವಂಶವಾಹಿಯೊಂದಿದೆ, ಟಿಪಿ-53 ಎಂದು. ಮನುಷ್ಯನಲ್ಲಿ ಅದು ಒಂದೇ ಇದೆ. ಆನೆಯಲ್ಲಿ ಅದರ ಸುಮಾರು ಇಪ್ಪತ್ತು ಪ್ರತಿಗಳಿವೆ. ಲಕ್ಷಾಂತರ ವರ್ಷಗಳಲ್ಲಿ ಮೈ ಬೆಳೆಸಿಕೊಂಡ ಜೀವಿ ಜೊತೆಜೊತೆಗೇ ಕಾವಲನ್ನೂ ಬೆಳೆಸಿಕೊಂಡಿದೆ. ಕೆಲವೇ ತಲೆಮಾರುಗಳಲ್ಲಿ ನಾವು ಹಿಗ್ಗಿಸಿದ ನಾಯಿಗೆ ಅಷ್ಟು ಸಮಯ ಸಿಗಲಿಲ್ಲ.

ಇನ್ನು, ನಾನು ನಿಜವಾಗಿ ಹೇಳಬೇಕೆಂದು ಬಂದ ಮಾತು. ಒಂದೇ ಸಮಾಜದ ಒಳಗೆ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಎತ್ತರದ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ದೊಡ್ಡದು. ಚೆನ್ನಾಗಿ ಉಂಡುಟ್ಟು ಬೆಳೆಯುವ ಸಮಾಜಗಳಲ್ಲಿ ಸುಮಾರು ಶೇಕಡ 80. ಆದರೆ ಒಂದು ತಲೆಮಾರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಬರೆಯುವುದು ಬಾಲ್ಯ. 1896ರಲ್ಲಿ ಹುಟ್ಟಿದವರಿಗೂ 1996ರಲ್ಲಿ ಹುಟ್ಟಿದವರಿಗೂ ನಡುವೆ ದಕ್ಷಿಣ ಕೊರಿಯಾದ ಹೆಂಗಸರು ಸರಾಸರಿ 20 ಸೆಂಟಿಮೀಟರ್ ಬೆಳೆದರು. ಇರಾನಿನ ಗಂಡಸರು 16 ಸೆಂಟಿಮೀಟರಿಗೂ ಹೆಚ್ಚು. ಇಂದು ಜಗತ್ತಿನಲ್ಲೇ ಎತ್ತರದವರೆನಿಸಿಕೊಂಡ ನೆದರ್ಲೆಂಡ್ಸಿನ ಗಂಡಸರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಸುಮಾರು 165 ಸೆಂಟಿಮೀಟರ್ ಇದ್ದರು. ನೂರು ವರ್ಷದಲ್ಲಿ ವಂಶವಾಹಿಗಳು ಬದಲಾಗುವುದಿಲ್ಲ. ಬದಲಾದದ್ದು ಗರ್ಭಿಣಿಯ ಊಟ, ಕುಡಿಯುವ ನೀರು, ಮಗುವಿಗೆ ಪದೇ ಪದೇ ಬರುತ್ತಿದ್ದ ಭೇದಿ ಮತ್ತು ಜ್ವರ. ಇದೇ ಶತಮಾನದಲ್ಲಿ ಈ ಎಲ್ಲ ದೇಶಗಳಲ್ಲೂ ಆಯಸ್ಸು ಏರಿತು. ಎತ್ತರ ಆಯಸ್ಸನ್ನು ಏರಿಸಲಿಲ್ಲ, ಆಯಸ್ಸು ಎತ್ತರವನ್ನು ಏರಿಸಲಿಲ್ಲ. ಎರಡನ್ನೂ ಎತ್ತಿದ್ದು ಒಳ್ಳೆಯ ಬಾಲ್ಯ.

'ಬೆಳೆಯುವ ಪೈರು ಮೊಳಕೆಯಲ್ಲಿ' ಎನ್ನುತ್ತೇವಲ್ಲ, ಬ್ರಿಟಿಷ್ ವೈದ್ಯ ಡೇವಿಡ್ ಬಾರ್ಕರ್ 1980ರ ದಶಕದಲ್ಲಿ ಅದನ್ನು ದಾಖಲೆಗಳಲ್ಲೇ ಕಂಡರು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನಲ್ಲಿ ದಾದಿಯರು ಶತಮಾನದ ಆರಂಭದಿಂದ ಬರೆದಿಟ್ಟ ಶಿಶುಗಳ ತೂಕದ ಪುಸ್ತಕಗಳನ್ನು ಹುಡುಕಿ ತೆಗೆದು, ಆ ಶಿಶುಗಳು ಮುದುಕರಾದಾಗ ಏನಾದರೆಂದು ನೋಡಿದರು. ಹುಟ್ಟುವಾಗಲೂ ಒಂದು ವರ್ಷದಲ್ಲೂ ಕಡಿಮೆ ತೂಕವಿದ್ದವರೇ ಹೃದ್ರೋಗದಿಂದ ಹೆಚ್ಚಾಗಿ ಸತ್ತಿದ್ದರು. ಹಸಿವು ಕಂಡ ದೇಹ ಬೆಳವಣಿಗೆಯನ್ನು ನಿಲ್ಲಿಸಿ ಜೀವ ಉಳಿಸಿಕೊಳ್ಳುತ್ತದೆ. ಆ ಸಾಲವನ್ನು ಮೂತ್ರಪಿಂಡ, ಮೇದೋಜೀರಕ ಗ್ರಂಥಿ, ರಕ್ತನಾಳಗಳು ಐವತ್ತು ವರ್ಷಗಳ ನಂತರ ತೀರಿಸುತ್ತವೆ.

ಅದಕ್ಕೇ, "ಸಣ್ಣ ದೇಹ ಒಳ್ಳೆಯದೇ, ಇಲಿಗಳನ್ನು ನೋಡಿ" ಎಂದು ಯಾರಾದರೂ ಹೇಳಿದಾಗ ನನಗೆ ಸಿಟ್ಟು ಬರುತ್ತದೆ. 2022ರ ಅಂದಾಜಿನಂತೆ ಜಗತ್ತಿನಲ್ಲಿ ಐದು ವರ್ಷದೊಳಗಿನ 14.8 ಕೋಟಿ ಮಕ್ಕಳು ತಮ್ಮ ವಯಸ್ಸಿಗೆ ಇರಬೇಕಾದಷ್ಟು ಎತ್ತರವಿಲ್ಲ. ಈ ಮಕ್ಕಳ ಐಜಿಎಫ್-1 ಕೂಡ ತಗ್ಗಿಯೇ ಇರುತ್ತದೆ, ಆದರೆ ಹಸಿವಿನಿಂದ. ಅವರು ಆ ಪ್ರಯೋಗಾಲಯದ ಇಲಿಗಳಲ್ಲ. ಸೋಂಕು ತಗುಲಿದರೆ ಬೇಗ ಸಾಯುತ್ತಾರೆ, ಉಳಿದವರು ಶಾಲೆಯಲ್ಲಿ ಹಿಂದೆ ಬೀಳುತ್ತಾರೆ. ಹುಟ್ಟಿನಿಂದಲೇ ಸಣ್ಣ ಮೈಕಟ್ಟಿನ ಆರೋಗ್ಯವಂತ ಮಗುವೂ, ಬೆಳೆಯಬೇಕಾದ ಎತ್ತರವನ್ನು ಯಾರೋ ಕಸಿದುಕೊಂಡ ಮಗುವೂ ಅಳತೆಪಟ್ಟಿಯ ಮೇಲೆ ಒಂದೇ ಗೆರೆಗೆ ನಿಲ್ಲುತ್ತಾರೆ. ಅವರನ್ನು ಬೇರೆ ಮಾಡಿ ನೋಡದ ಯಾವ ಲೆಕ್ಕವನ್ನೂ ನಾನು ಒಪ್ಪುವುದಿಲ್ಲ.

ಗಂಡು ಹೆಣ್ಣಿನ ವಿಷಯವನ್ನು ಚುಟುಕಾಗಿ ಮುಗಿಸುತ್ತೇನೆ. ಹೆಂಗಸರು ಗಂಡಸರಿಗಿಂತ ಹತ್ತು ಹನ್ನೆರಡು ಸೆಂಟಿಮೀಟರ್ ಗಿಡ್ಡ, ಜಗತ್ತಿನಾದ್ಯಂತ ಸರಾಸರಿ ಸುಮಾರು ಐದು ವರ್ಷ ಹೆಚ್ಚು ಬದುಕುತ್ತಾರೆ. ಇದಕ್ಕೆ ಎತ್ತರವೇ ಕಾರಣವೆಂದು ಕೆಲವರು ವಾದಿಸಿದ್ದಾರೆ. ಹಾರ್ಮೋನು, ಎರಡು ಎಕ್ಸ್ ವರ್ಣತಂತು, ಧೂಮಪಾನ, ಅಪಘಾತ ಇವೆಲ್ಲವನ್ನೂ ಬಿಟ್ಟು ಎತ್ತರವೊಂದಕ್ಕೆ ಆ ಕೀರ್ತಿ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಈಗ ಆ ವಿದ್ಯಾರ್ಥಿಯ ಲೆಕ್ಕ. ನೀನು ಸುಮಾರು 190 ಸೆಂಟಿಮೀಟರ್ ಇದ್ದೀಯ. ದೊಡ್ಡ ಅಧ್ಯಯನಗಳನ್ನು ನಂಬಿದರೆ ನಿನ್ನ ಒಟ್ಟಾರೆ ಸಾವಿನ ಅಪಾಯ ಸರಾಸರಿಗಿಂತ ಹೆಚ್ಚಿಲ್ಲ, ಕೂದಲೆಳೆಯಷ್ಟು ಕಡಿಮೆಯೇ ಇರಬಹುದು. ಕ್ಯಾನ್ಸರಿನ ಪಾಲು ತುಸು ಹೆಚ್ಚು, ಹೃದಯಾಘಾತದ ಪಾಲು ತುಸು ಕಡಿಮೆ. ಎತ್ತರದಿಂದ ಬರುವ ವ್ಯತ್ಯಾಸ ಬಹುಪಾಲು ಅಧ್ಯಯನಗಳಲ್ಲಿ ಸಣ್ಣದೇ. ಬ್ರಿಟಿಷ್ ವೈದ್ಯರನ್ನು 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಬಿಡದೆ ಸಿಗರೇಟು ಸೇದಿದವರು ಕಳೆದುಕೊಂಡದ್ದು ಸುಮಾರು ಹತ್ತು ವರ್ಷ. ನಿನ್ನ ಎತ್ತರವನ್ನು ನೀನು ಬದಲಿಸಲಾರೆ. ಇದನ್ನು ಬದಲಿಸಬಲ್ಲೆ.

ಮಾತು ಮುಗಿದ ಮೇಲೆ ಸಭಿಕರು ಕೆಲವು ಪ್ರಶ್ನೆ ಕೇಳಿದರು. ಅವುಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಬ್ಬ ತಂದೆ ಎದ್ದು, "ನನ್ನ ಮಗ ತರಗತಿಯಲ್ಲೇ ಗಿಡ್ಡ. ಬೆಳವಣಿಗೆಯ ಹಾರ್ಮೋನಿನ ಚುಚ್ಚುಮದ್ದು ಕೊಡಿಸಿದರೆ ಮುಂದೆ ಅವನ ಆಯಸ್ಸಿಗೆ ತೊಂದರೆಯಾಗುತ್ತದೆಯೇ?" ಎಂದು ಕೇಳಿದರು. ನಾನು ಅವರಿಗೆ ಹೇಳಿದ್ದು ಇದು: ಹಾರ್ಮೋನೇ ಇಲ್ಲದ ಮಗುವಿಗೆ ಅದು ಔಷಧ, ಹಿಂಜರಿಯಬಾರದು. ಯಾವ ಕೊರತೆಯೂ ಇಲ್ಲದೆ ಸಹಜವಾಗಿ ಗಿಡ್ಡಗಿರುವ ಮಗುವಿಗೆ ವರ್ಷಗಟ್ಟಲೆ ದಿನವೂ ಚುಚ್ಚಿದರೆ ಸಿಗುವುದು ಸರಾಸರಿ ಕೆಲವೇ ಸೆಂಟಿಮೀಟರ್. ಮೊದಲು ಆರು ತಿಂಗಳಿಗೊಮ್ಮೆ ಅಳೆದು ಅವನು ಬೆಳೆಯುತ್ತಿರುವ ವೇಗವನ್ನು ಮಕ್ಕಳ ತಜ್ಞರಿಗೆ ತೋರಿಸಿ. ಒಂದು ದಿನದ ಎತ್ತರಕ್ಕಿಂತ ಆ ವೇಗ ಹೆಚ್ಚು ಹೇಳುತ್ತದೆ. ಇದೇ ಹಾರ್ಮೋನನ್ನು 1990ರಲ್ಲಿ ಹನ್ನೆರಡು ಮಂದಿ ವೃದ್ಧರಿಗೆ ಆರು ತಿಂಗಳು ಕೊಟ್ಟು ನೋಡಿ ಸ್ನಾಯು ಹೆಚ್ಚಿತು, ಕೊಬ್ಬು ಇಳಿಯಿತು ಎಂದು ವರದಿಯಾದ ಮೇಲೆ, ಯೌವನ ಮರಳಿಸುವ ಮದ್ದೆಂದು ಅದನ್ನು ಮಾರುವವರು ಹುಟ್ಟಿಕೊಂಡರು. ಇಲಿಗಳು ಹೇಳುವುದು ಇದಕ್ಕೆ ನೇರ ವಿರುದ್ಧ. ಮುಪ್ಪನ್ನು ತಡೆಯಲೆಂದು ದಯವಿಟ್ಟು ಯಾರೂ ಅದನ್ನು ಚುಚ್ಚಿಸಿಕೊಳ್ಳಬೇಡಿ.

ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ನಿಧಾನವಾಗಿ ಎದ್ದು ನಿಂತರು. "ನೀವು ಎಲ್ಲರ ಎತ್ತರದ ಬಗ್ಗೆ ಹೇಳಿದಿರಿ. ನಾನು ಮೊದಲು ಇಷ್ಟು ಗಿಡ್ಡ ಇರಲಿಲ್ಲ. ಮೇಲಿನ ಕಪಾಟು ಈಗ ಕೈಗೆ ಎಟಕುವುದಿಲ್ಲ. ಇದಕ್ಕೆ ಅರ್ಥವಿದೆಯೇ?"

ಇದೆ, ಅಮ್ಮಾ. ಇವತ್ತು ಕೇಳಿದ ಪ್ರಶ್ನೆಗಳಲ್ಲಿ ವೈದ್ಯರಿಗೆ ನಿಜಕ್ಕೂ ಉಪಯೋಗವಾಗುವುದು ನಿಮ್ಮದೇ. ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒಣಗಿದಂತೆ ಎಲ್ಲರೂ ಸ್ವಲ್ಪ ಕುಗ್ಗುತ್ತಾರೆ. ಆದರೆ ಬೇಗ ಬೇಗ ಕುಗ್ಗುತ್ತಿದ್ದರೆ ಮೂಳೆ ಸವೆದು ಬೆನ್ನಿನ ಮಣಿಗಳು ಸದ್ದಿಲ್ಲದೆ ಕುಸಿದಿರಬಹುದು. ಎಷ್ಟೋ ಬಾರಿ ನೋವೂ ಇರುವುದಿಲ್ಲ. ಬ್ರಿಟನ್ನಿನಲ್ಲಿ ನಾಲ್ಕು ಸಾವಿರ ಗಂಡಸರನ್ನು ಇಪ್ಪತ್ತು ವರ್ಷಗಳ ಅಂತರದಲ್ಲಿ ಎರಡು ಸಲ ಅಳೆದಾಗ, 3 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಕುಗ್ಗಿದ್ದವರಲ್ಲಿ ಮುಂದಿನ ವರ್ಷಗಳ ಸಾವು ಉಳಿದವರಿಗಿಂತ ಹೆಚ್ಚಿತ್ತು. ಆದ್ದರಿಂದ ನಾಳೆ ಬೆಳಿಗ್ಗೆ ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗುವಂತೆ ನೇರವಾಗಿ ನಿಂತು, ಮೊಮ್ಮಗುವಿನ ಕೈಯಲ್ಲಿ ತಲೆಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಸಿ, ಪಕ್ಕದಲ್ಲಿ ತಾರೀಕು ಬರೆಸಿ. ಹಳೆಯ ಅಳತೆ ಯಾವುದಾದರೂ ಕಾಗದದಲ್ಲಿದ್ದರೆ ಹುಡುಕಿ. ಎರಡರ ನಡುವೆ ಎರಡು ಬೆರಳಗಲದ ಅಂತರವಿದ್ದರೆ ಆ ಕಾಗದವನ್ನು ತೆಗೆದುಕೊಂಡು ವೈದ್ಯರ ಬಳಿ ಹೋಗಿ, ಮೂಳೆಯ ಸಾಂದ್ರತೆ ನೋಡಬೇಕೇ ಎಂದು ಕೇಳಿ.